ಮೊಲದ ಕಿಡ್ನಿಯಿಂದ ಬಂದ ಸುದ್ದಿ

ಸ್ಟಾಕ್‌ಹೋಮಿನ ಕರೋಲಿನ್ಸ್ಕಾ ಸಂಸ್ಥೆ, 1896ರ ನವೆಂಬರ್. ರಾಬರ್ಟ್ ಟೀಗರ್‌ಸ್ಟೆಟ್ ಮತ್ತವರ ಶಿಷ್ಯ ಪೆರ್ ಬರ್ಗ್‌ಮನ್ ಮೊಲದ ಕಿಡ್ನಿ ಅರೆದು, ತಣ್ಣೀರಿನಲ್ಲಿ ನೆನೆಸಿ, ಸೋಸಿ ತೆಗೆದ ರಸವನ್ನು ಇನ್ನೊಂದು ಮೊಲದ ರಕ್ತನಾಳಕ್ಕೆ ಚುಚ್ಚಿದರು. ಅದರ ರಕ್ತದೊತ್ತಡ ಏರಿತು. ಕಿಡ್ನಿಯ ಹೊರಪದರದ ರಸಕ್ಕಿದ್ದ ಈ ಗುಣ ಒಳತಿರುಳಿನ ರಸಕ್ಕಿರಲಿಲ್ಲ. ಕುದಿಸಿದರೆ ಹೊರಪದರದ್ದೂ ನಿಸ್ಸಾರ. ಈ ವಸ್ತುವಿಗೆ ರೆನಿನ್ ಎಂದು ಹೆಸರಿಟ್ಟು 1898ರಲ್ಲಿ ಪ್ರಕಟಿಸಿದರು. ಆಮೇಲೆ ಗುರು ಹೆಲ್ಸಿಂಕಿಗೆ ಹೋದರು, ಶಿಷ್ಯ ವೈದ್ಯವೃತ್ತಿ ಹಿಡಿದರು. ರೆನಿನ್ ಮೂಲೆ ಸೇರಿತು. ಸೋಸುವುದಷ್ಟೇ ಕಿಡ್ನಿಯ ಕಸುಬೆಂದು ನಂಬಿದ್ದವರಿಗೆ, ಅದು ಮೈಗೆಲ್ಲ ಹುಕುಂ ಕಳಿಸುತ್ತದೆಂಬ ಮಾತು ಹಿಡಿಸಿರಲಿಕ್ಕಿಲ್ಲ.

1934ರಲ್ಲಿ ಅಮೆರಿಕದ ಹ್ಯಾರಿ ಗೋಲ್ಡ್‌ಬ್ಲಾಟ್, ನಾಯಿಗಳ ಕಿಡ್ನಿಗೆ ರಕ್ತ ಒಯ್ಯುವ ನಾಳವನ್ನು ಬೆಳ್ಳಿಯ ಕ್ಲಿಪ್ಪಿನಿಂದ ಅರೆಬರೆ ಬಿಗಿದರು. ಬಿ.ಪಿ. ಏರಿತು, ಇಳಿಯಲಿಲ್ಲ. ಎಲ್ಲರಿಗೂ ಹಳೆಯ ರೆನಿನ್ ನೆನಪಾಯಿತು. ಬ್ಯೂನಸ್ ಐರಿಸ್ ಮತ್ತು ಇಂಡಿಯಾನಾಪೊಲಿಸ್‌ನ ಎರಡು ತಂಡಗಳು ಬೇರೆಬೇರೆಯಾಗಿಯೇ ಒಂದೇ ಉತ್ತರಕ್ಕೆ ಬಂದವು: ರೆನಿನ್ ತಾನಾಗಿ ನಾಳಗಳನ್ನು ಕುಗ್ಗಿಸುವುದಿಲ್ಲ, ರಕ್ತದಲ್ಲಿರುವ ಒಂದು ಪ್ರೋಟೀನನ್ನು ಕತ್ತರಿಸುತ್ತದೆ, ಅದರಿಂದ ಹುಟ್ಟುವ ಆಂಜಿಯೋಟೆನ್ಸಿನ್ ಆ ಕೆಲಸ ಮಾಡುತ್ತದೆ.

ಇದಕ್ಕೂ ಮೈಯ ಉಪ್ಪಿಗೂ ಇರುವ ಕೊಂಡಿ ಇನ್ನೂ ಸಿಕ್ಕಿರಲಿಲ್ಲ. ಅಡ್ರಿನಲ್ ಗ್ರಂಥಿಯ ಹಾರ್ಮೋನ್ ಆಲ್ಡೋಸ್ಟೆರಾನ್ ಅನ್ನು 1953ರಲ್ಲಿ ಲಂಡನ್ನಿನ ಸಿಲ್ವಿಯಾ ಸಿಂಪ್ಸನ್, ಜೇಮ್ಸ್ ಟೈಟ್ ಮತ್ತು ಸ್ವಿಸ್ ಸಂಗಡಿಗರು ಹರಳಾಗಿ ಬೇರ್ಪಡಿಸಿದರು. ಅದನ್ನು ಎಬ್ಬಿಸುವುದು ಇದೇ ಆಂಜಿಯೋಟೆನ್ಸಿನ್ ಎಂಬುದು ಮುಂದೆ ತಿಳಿಯಿತು. ಕಿಡ್ನಿ ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತದೆ. ಅದರಲ್ಲಿ ಒಂದೂವರೆ ಕಿಲೋದಷ್ಟು ಉಪ್ಪಿರುತ್ತದೆ. ಬಹುಪಾಲನ್ನು ಅದು ತಾನೇ ಮರಳಿ ಹೀರಿಕೊಳ್ಳುತ್ತದೆ. ಕೊನೆಯ ಚೂರುಪಾರಿನಲ್ಲಿ ಎಷ್ಟು ಉಳಿಯಬೇಕು, ಎಷ್ಟು ಹೋಗಬೇಕು ಎಂಬ ಚೌಕಾಸಿ ಆಲ್ಡೋಸ್ಟೆರಾನಿನದು: ಸೋಡಿಯಂ ಉಳಿಸಿ ಪೊಟ್ಯಾಸಿಯಂ ಹೊರಹಾಕುತ್ತದೆ.

ಇದು ಉಪ್ಪಿಗೆ ಬರ ಇದ್ದ ಕಾಲದ ಏರ್ಪಾಡು ಎಂದೇ ನನ್ನ ಎಣಿಕೆ. ಉಪ್ಪು ಬೆರೆಸದೆ ಉಣ್ಣುವ ಅಮೆಜಾನ್ ಕಾಡಿನ ಯಾನೊಮಾಮಿ ಜನರಲ್ಲಿ ರೆನಿನ್, ಆಲ್ಡೋಸ್ಟೆರಾನ್ ಎರಡೂ ಹೆಚ್ಚು, ಬಿ.ಪಿ. ಮಾತ್ರ ಕಡಿಮೆ. ಉಪ್ಪಿನಕಾಯಿ, ಹಪ್ಪಳವಿಲ್ಲದೆ ಊಟ ಇಳಿಯದ ನಮ್ಮ ಮೈಗೆ ಇಷ್ಟೊಂದು ಉಳಿತಾಯ ಬೇಕಿಲ್ಲ.

ರೆನಿನ್‌ನಿಂದ ಆಲ್ಡೋಸ್ಟೆರಾನ್‌ವರೆಗಿನ ಈ ಸರಪಳಿಗೆ ತಡೆಯೊಡ್ಡುವ ಕ್ಯಾಪ್ಟೊಪ್ರಿಲ್ ಮಾತ್ರೆಗೆ ಸುಳಿವು ಕೊಟ್ಟದ್ದು ಬ್ರೆಜಿಲ್‌ನ ಜರಾರಾಕಾ ಹಾವಿನ ವಿಷ. 1981ರಲ್ಲಿ ಅಮೆರಿಕದಲ್ಲಿ ಅದಕ್ಕೆ ಮಂಜೂರಾತಿ ಸಿಕ್ಕಿತು. ಅದೇ ವರ್ಷ ಕೆನಡಾದ ಅಡಾಲ್ಫೊ ಡಿ ಬೋಲ್ಡ್ ಇಲಿಯ ಹೃದಯದ ಮೇಲ್ಕೋಣೆಯ ರಸವನ್ನು ಇನ್ನೊಂದು ಇಲಿಗೆ ಚುಚ್ಚಿದರು. ಮೂತ್ರದಲ್ಲಿ ಹೋಗುವ ಸೋಡಿಯಂ 30 ಪಟ್ಟಿಗೂ ಹೆಚ್ಚಾಯಿತು. ಉಪ್ಪನ್ನು ಹೊರಗೆ ಕಳಿಸೆಂದು ಹೃದಯವೂ ಕಿಡ್ನಿಗೆ ತನ್ನದೇ ಹಾರ್ಮೋನ್ ಕಳಿಸುತ್ತಿತ್ತು.