ಚಗಳಿ: ಕಾಫಿ ತೋಟದ ದರ್ಜಿ

ನಮ್ಮ ಮೂಡಿಗೆರೆ, ಕಳಸದ ಕಡೆ ಕಾಫಿ ಕೊಯ್ಯಲು ಹೋಗುವವರಿಗೆ ಚಗಳಿಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಗಿಡಕ್ಕೆ ಕೈ ಹಾಕಿದ ಕೂಡಲೇ ಕೆಂಪು ಇರುವೆಗಳು ಕತ್ತು, ತೋಳು ಎಲ್ಲ ಕಡೆ ಹತ್ತಿ ಕಚ್ಚುತ್ತವೆ. ಇದಕ್ಕೆ ಚುಚ್ಚುವ ಮುಳ್ಳಿಲ್ಲ. ದವಡೆಯಿಂದ ಕಚ್ಚಿ, ಆ ಗಾಯದ ಮೇಲೆ ಫಾರ್ಮಿಕ್ ಆಮ್ಲ ಚಿಮ್ಮಿಸುತ್ತದೆ. ಉರಿ ಬರುವುದು ಅದರಿಂದಲೇ.

ಚಗಳಿ ಮರವನ್ನು ಕೊರೆಯುವುದಿಲ್ಲ. ಹಸಿರು ಎಲೆಗಳನ್ನೇ ಹೊಲಿದು ಗೂಡು ಮಾಡುತ್ತದೆ. ಎರಡು ಎಲೆಗಳ ನಡುವೆ ದೂರ ಹೆಚ್ಚಿದ್ದರೆ ಇರುವೆಗಳು ಒಂದರ ಸೊಂಟ ಇನ್ನೊಂದು ಹಿಡಿದು ಸರಪಳಿ ಕಟ್ಟಿ ಎಳೆಯುತ್ತವೆ. ಅಂಚುಗಳು ಕೂಡಿದ ಮೇಲೆ ಬೇರೆ ಇರುವೆಗಳು ಗೂಡಿನ ಮರಿಹುಳುಗಳನ್ನು ಬಾಯಲ್ಲಿ ಹಿಡಿದು ತರುತ್ತವೆ. ದೊಡ್ಡ ಇರುವೆಗೆ ನೂಲು ಬರುವುದಿಲ್ಲ, ಮರಿಹುಳುವಿಗೆ ಮಾತ್ರ ಬರುತ್ತದೆ. ಅದನ್ನು ಈ ಎಲೆಗೂ ಆ ಎಲೆಗೂ ತಾಗಿಸುತ್ತಾ ಹೋದರೆ ಬಿಳಿ ರೇಷ್ಮೆಯ ಹೊಲಿಗೆ ಬೀಳುತ್ತದೆ. ತನ್ನ ಸ್ವಂತ ಗೂಡಿಗೆ ಬೇಕಾದ ನೂಲನ್ನು ಮರಿಹುಳು ಎಲ್ಲರ ಮನೆಗಾಗಿ ಕೊಟ್ಟುಬಿಡುತ್ತದೆ.

ಒಂದೇ ಸಂಸಾರಕ್ಕೆ ಹಲವು ಮರಗಳ ಮೇಲೆ ಹತ್ತಾರು ಗೂಡುಗಳಿರುತ್ತವೆ. ಮೊಟ್ಟೆ ಇಡುವ ರಾಣಿ ಒಂದು ಗೂಡಿನಲ್ಲಿರುತ್ತಾಳೆ. ಅಲ್ಲಿಂದ ಮೊಟ್ಟೆ, ಮರಿಗಳನ್ನು ಉಳಿದ ಗೂಡುಗಳಿಗೆ ಹಂಚುತ್ತಾರೆ. ಸಣ್ಣ ಕೆಲಸಗಾರ ಇರುವೆಗಳು ಒಳಗಿದ್ದು ಮರಿ ನೋಡಿಕೊಳ್ಳುತ್ತವೆ, ದೊಡ್ಡವು ಹೊರಗಿನ ಬೇಟೆ ಮತ್ತು ಕಾವಲಿಗೆ. ಗಡಿಯ ಗೂಡುಗಳಲ್ಲಿ ಹೆಚ್ಚಾಗಿ ವಯಸ್ಸಾದವೇ ಇರುತ್ತವೆ.

ಹಿಮ ಬೀಳುವ ದೇಶಗಳಲ್ಲಿ ಇರುವೆಗಳು ಚಳಿಗಾಲ ಪೂರ್ತಿ ಗೂಡಿನೊಳಗೆ ಮರಗಟ್ಟಿ ಮಲಗುತ್ತವೆ. ಚಗಳಿ ಬಿಸಿ ನಾಡಿನದು, ಅದಕ್ಕೆ ಆ ಅಭ್ಯಾಸವಿಲ್ಲ. ನಮ್ಮಲ್ಲಿ ಅದರ ಕಷ್ಟಕಾಲ ಮಳೆಗಾಲ. ಜೋರು ಮಳೆಯಲ್ಲಿ ಓಡಾಟ ನಿಲ್ಲಿಸಿ ಎಲೆಯೊಳಗೆ ಕೂರುತ್ತದೆ. ಗೂಡು ಹರಿದರೆ, ಎಲೆ ಒಣಗಿದರೆ ಹೊಸದು ಹೊಲಿಯುತ್ತದೆ.

ಗೂಡನ್ನು ಮೆಲ್ಲಗೆ ತಟ್ಟಿ ನೋಡಿ, ಒಳಗಿನಿಂದ ಚಟಪಟ ಸದ್ದು ಕೇಳುತ್ತದೆ. ಅದು ಎಲೆಯ ಮೇಲೆ ಹೊಟ್ಟೆ ಬಡಿದು ಕೊಡುವ ಎಚ್ಚರಿಕೆ. ಕುರ್‌ಆನ್‌ನ 27ನೇ ಸೂರಾದ ಹೆಸರು ಅನ್-ನಮ್ಲ್, ಅಂದರೆ ಇರುವೆಗಳು. ಹಜ್ರತ್ ಸುಲೈಮಾನರ ಸೈನ್ಯ ಬರುವಾಗ ಇರುವೆಯೊಂದು ತನ್ನವರನ್ನು ಎಚ್ಚರಿಸುವ ಪ್ರಸಂಗ ಅದರಲ್ಲಿದೆ.

ಇನ್ನು ಲಾಭ ನಷ್ಟದ ಮಾತು. ಪುಸ್ತಕದ ಎರಡೂ ಬದಿ ತುಂಬಬೇಕು. ಜಮಾ ಬದಿಯಲ್ಲಿ: ಚಗಳಿ ಎಲೆ ತಿನ್ನುವ ಹುಳುಗಳನ್ನು ಹಿಡಿದು ತಿನ್ನುತ್ತದೆ. ಚೀನಾದಲ್ಲಿ ಕಿತ್ತಳೆ ತೋಟಗಳಿಗೆ ಇದರ ಗೂಡು ತಂದು ಕಟ್ಟುತ್ತಿದ್ದ ಬಗ್ಗೆ ಸುಮಾರು ಕ್ರಿ.ಶ. 304ರ ಬರಹವೇ ಇದೆ. ನಮ್ಮ ಮಲೆನಾಡಿನಲ್ಲಿ ಚಗಳಿ ಚಟ್ನಿ ಮಾಡುವ ಮನೆಗಳಿವೆ. ಒಡಿಶಾದ ಸಿಮಿಲಿಪಾಲ್ ಕಾಯಿ ಚಟ್ನಿಗೆ 2024ರಲ್ಲಿ ಜಿಐ ಟ್ಯಾಗ್ ಕೂಡ ಸಿಕ್ಕಿತು. ಖರ್ಚಿನ ಬದಿಯಲ್ಲಿ: ಕಾಫಿ ರಸ ಹೀರುವ ಗ್ರೀನ್ ಬಗ್ ಮತ್ತು ಹಿಟ್ಟು ತಿಗಣೆಗಳು ಸಿಹಿ ಅಂಟು ಹೊರಬಿಡುತ್ತವೆ. ಅದರ ಆಸೆಗೆ ಚಗಳಿ ಅವುಗಳ ಕಾವಲಿಗೆ ನಿಲ್ಲುತ್ತದೆ, ಅವನ್ನು ತಿನ್ನಲು ಬರುವ ಗುಲಗಂಜಿ ಹುಳುಗಳನ್ನು ಓಡಿಸುತ್ತದೆ. ಎಲೆಗೆ ಬಿದ್ದ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆದು ಗಿಡ ಸೊರಗುತ್ತದೆ.

ಎಲ್ಲಕ್ಕಿಂತ ದೊಡ್ಡ ಖರ್ಚು ಕೊಯ್ಯುವವರ ಮೈಮೇಲೆ ಬೀಳುತ್ತದೆ, ಅದನ್ನು ಯಾರೂ ಲೆಕ್ಕಕ್ಕೆ ಬರೆಯುವುದಿಲ್ಲ. ಕೆಜಿ ಲೆಕ್ಕದಲ್ಲಿ ಕೂಲಿ ಪಡೆಯುವವರು ಇರುವೆ ಕೊಡವಿಕೊಳ್ಳುತ್ತಾ ನಿಂತರೆ ಅಷ್ಟು ಕೂಲಿ ಹೋಯಿತು. ಹಾಗಂತ ಇಡೀ ತೋಟಕ್ಕೆ ವಿಷ ಹೊಡೆದರೆ ಗುಲಗಂಜಿ ಹುಳು, ಜೇನು ಎಲ್ಲವೂ ಸಾಯುತ್ತವೆ. ಜೇನಿಲ್ಲದಿದ್ದರೆ ರೊಬಸ್ಟಾಕ್ಕೆ ಕಾಯಿ ಕಟ್ಟುವುದು ಕಷ್ಟ. ಕೊಯ್ಲಿಗೆ ಮೊದಲು ತೋಟ ಸುತ್ತಿ, ಕಾಫಿ ಗಿಡದ ಮೇಲಿನ ಗೂಡುಗಳನ್ನು ಮಾತ್ರ ರೆಂಬೆ ಸಮೇತ ಕತ್ತರಿಸಿ ತೆಗೆದು, ಎತ್ತರದ ನೆರಳು ಮರದಲ್ಲಿರುವುದನ್ನು ಬಿಟ್ಟರೆ ಸಾಕು. ಒಂದು ದಿನದ ಕೆಲಸ. ಕೊಯ್ಯುವವರ ಕೈಯೂ ಉಳಿಯುತ್ತದೆ, ಚಗಳಿಯೂ ಉಳಿಯುತ್ತದೆ.