ಯೂರಿಯಾ ಹರಳಿಗೊಂದು ತೆಳು ಅಂಗಿ

ಒಂದು ಸ್ಟೀಲ್ ಲೋಟದಲ್ಲಿ ನೀರು ತಗೊಂಡು, ಅದಕ್ಕೆ ಎರಡು ಚಮಚ ಯೂರಿಯಾ ಹಾಕಿ ಕಲಕಿ ನೋಡಿ. ಸ್ವಲ್ಪ ಹೊತ್ತಿಗೆ ಹರಳುಗಳು ಮಾಯವಾಗಿರುತ್ತವೆ, ಲೋಟ ಮುಟ್ಟಿದರೆ ತಣ್ಣಗಿರುತ್ತದೆ. ಯೂರಿಯಾ ಕರಗುವಾಗ ನೀರಿನ ಶಾಖವನ್ನೇ ಹೀರಿಕೊಳ್ಳುವುದು ಈ ತಂಪಿಗೆ ಕಾರಣ. ಅದು ಕರಗುವುದಕ್ಕೂ ಮಿತಿ ಕಡಿಮೆಯೇ: 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 100 ಮಿ.ಲೀ. ನೀರು 100 ಗ್ರಾಂಗಿಂತ ಹೆಚ್ಚು ಯೂರಿಯಾವನ್ನು ನುಂಗಿಬಿಡುತ್ತದೆ.

ಲೋಟದಲ್ಲಿ ಇದು ತಮಾಷೆ. ಆದರೆ ಗದ್ದೆಯಲ್ಲಿ ನಡೆಯುವುದೂ ಇದೇ. ನಮ್ಮ ಬಳಗದಲ್ಲಿ ರೈತರ ಮನೆಯಿಂದ ಬಂದವರು ಕಡಿಮೆಯೇನಿಲ್ಲ. 2025ರ ಮುಂಗಾರಿನಲ್ಲಿ ಯೂರಿಯಾ ಚೀಲಕ್ಕಾಗಿ ರಾಜ್ಯದ ಹಲವೆಡೆ ರೈತರು ಸರದಿ ನಿಂತದ್ದು ನಮಗೆಲ್ಲ ನೆನಪಿದೆ. ಅಷ್ಟು ಕಷ್ಟಪಟ್ಟು ತಂದ ಗೊಬ್ಬರದಲ್ಲಿ ಬೆಳೆಯ ಹೊಟ್ಟೆಗೆ ಹೋಗುವುದೆಷ್ಟು? ಅದನ್ನು ಹೆಚ್ಚಿಸಲು ನ್ಯಾನೋ ಲೇಪನದಿಂದ ನಿಜವಾಗಿಯೂ ಆಗುತ್ತದಾ? ಬನ್ನಿ, ಒಂದು ಚೀಲ ಮುಂದಿಟ್ಟುಕೊಂಡು ಲೆಕ್ಕ ಹಾಕೋಣ.

ಚೀಲದಲ್ಲಿ ಇರುವುದೆಷ್ಟು, ಸೇರುವುದೆಷ್ಟು?

ನಮ್ಮಲ್ಲಿ ಸಿಗುವ ಬೇವು ಲೇಪಿತ ಯೂರಿಯಾ ಚೀಲದ ತೂಕ 45 ಕೆ.ಜಿ. ಅದರಲ್ಲಿ ಸಾರಜನಕ ಶೇ. 46. ಅಂದರೆ ಒಂದು ಚೀಲಕ್ಕೆ 20.7 ಕೆ.ಜಿ. ಸಾರಜನಕ. ನೀರು ನಿಲ್ಲಿಸಿ ಬೆಳೆಯುವ ಭತ್ತದಲ್ಲಿ ಸಾಮಾನ್ಯವಾಗಿ ಇದರ ಶೇ. 30ರಿಂದ 40ರಷ್ಟು ಮಾತ್ರ ಬೆಳೆಗೆ ಸೇರುತ್ತದೆ. ಮಧ್ಯದ 35 ಅಂತ ಹಿಡಿದರೂ ಏಳು ಕೆ.ಜಿ. ಆಯಿತು. ಉಳಿದ 13 ಕೆ.ಜಿ. ಎಲ್ಲಿ ಹೋಯಿತು?

ಮಣ್ಣಿನಲ್ಲಿ ಯೂರಿಯೇಸ್ ಎಂಬ ಕಿಣ್ವ ಇರುತ್ತದೆ. ಅದು ಕರಗಿದ ಯೂರಿಯಾವನ್ನು ಕೆಲವೇ ದಿನಗಳಲ್ಲಿ ಅಮೋನಿಯಂ ಆಗಿ ಒಡೆಯುತ್ತದೆ. ಇದರಲ್ಲಿ ಒಂದು ಪಾಲು ಅಮೋನಿಯಾ ಅನಿಲವಾಗಿ ಗಾಳಿಗೆ ಹಾರುತ್ತದೆ. ಇನ್ನೊಂದು ಪಾಲನ್ನು ಬ್ಯಾಕ್ಟೀರಿಯಾಗಳು ನೈಟ್ರೇಟ್ ಮಾಡುತ್ತವೆ. ನೈಟ್ರೇಟ್‌ಗೆ ಋಣ ವಿದ್ಯುದಂಶ, ಜೇಡಿಮಣ್ಣಿನ ಕಣಗಳಿಗೂ ಋಣ ವಿದ್ಯುದಂಶ. ಹಾಗಾಗಿ ಮಣ್ಣು ಅದನ್ನು ಹಿಡಿದಿಟ್ಟುಕೊಳ್ಳುವುದಿಲ್ಲ; ನೀರಿನ ಜೊತೆ ಇಳಿದು ಬಾವಿ, ಕೊಳವೆಬಾವಿ ಸೇರುತ್ತದೆ. ಗಾಳಿಯಾಡದ ಜೌಗು ಮಣ್ಣಿನಲ್ಲಿ ನೈಟ್ರೇಟ್ ಮತ್ತೆ ಅನಿಲವಾಗುತ್ತದೆ. ಆ ಅನಿಲಗಳಲ್ಲೊಂದಾದ ನೈಟ್ರಸ್ ಆಕ್ಸೈಡ್, ನೂರು ವರ್ಷದ ಲೆಕ್ಕದಲ್ಲಿ, ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 273 ಪಟ್ಟು ಹೆಚ್ಚು ಭೂಮಿಯನ್ನು ಬಿಸಿ ಮಾಡುತ್ತದೆ. ಸ್ವಲ್ಪ ಸಾರಜನಕ ಮಣ್ಣಿನ ಜೈವಿಕ ಅಂಶದಲ್ಲೇ ಉಳಿಯುತ್ತದೆ, ಅದು ಪೂರ್ತಿ ನಷ್ಟವಲ್ಲ.

ಮೂಲ ತೊಂದರೆ ಏನೆಂದರೆ ಹೊತ್ತಿನದು. ಪೈರಿನ ಹಸಿವು ನಿಧಾನವಾಗಿ ಶುರುವಾಗಿ, ತೆಂಡೆ ಒಡೆಯುವಾಗ ಜೋರಾಗಿ, ತೆನೆ ಮೂಡಿದ ಮೇಲೆ ಇಳಿಯುತ್ತದೆ. ಯೂರಿಯಾ ಮಾತ್ರ ಮೊದಲ ದಿನವೇ ಪೂರ್ತಿ ಊಟ ಬಡಿಸಿ ಎದ್ದು ಹೋಗುತ್ತದೆ. ಅದಕ್ಕೇ ರೈತರು ಮೇಲುಗೊಬ್ಬರವನ್ನು ಎರಡು-ಮೂರು ಕಂತಿನಲ್ಲಿ ಎರಚುವುದು.

ಹಳೆಯ ಅಂಗಿಗಳು

ಹರಳಿಗೆ ಲೇಪನ ಮಾಡುವುದು ಹೊಸದೇನಲ್ಲ. ಅಮೆರಿಕದ ಟೆನೆಸ್ಸಿ ವ್ಯಾಲಿ ಅಥಾರಿಟಿ 1960ರ ದಶಕದಲ್ಲೇ ಗಂಧಕ ಲೇಪಿತ ಯೂರಿಯಾ ತಯಾರಿಸಿತ್ತು. ಭಾರತದಲ್ಲಿ 2015ರಿಂದ ದೇಶದೊಳಗೆ ತಯಾರಾಗುವ ಯೂರಿಯಾಕ್ಕೆಲ್ಲ ಬೇವಿನ ಲೇಪನ ಕಡ್ಡಾಯ. ಆದರೆ ಬೇವಿನ ಎಣ್ಣೆ ನೀರನ್ನು ತಡೆಯುವ ಗೋಡೆಯೇನಲ್ಲ. ಅದರ ಮುಖ್ಯ ಕೆಲಸ ಅಮೋನಿಯಂ ಅನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳ ಕೈ ಕಟ್ಟುವುದು. 2023ರಲ್ಲಿ ಬಂದ 'ಯೂರಿಯಾ ಗೋಲ್ಡ್' ಗಂಧಕದ ಲೇಪನದ್ದು.

ನಿಜವಾದ ಗೋಡೆ ಅಂದರೆ ಪಾಲಿಮರ್ ಲೇಪನ. ನೀರಿನ ಆವಿ ನಿಧಾನವಾಗಿ ಪದರದೊಳಗೆ ನುಗ್ಗುತ್ತದೆ, ಒಳಗೆ ಯೂರಿಯಾ ಕರಗಿ ಒತ್ತಡ ಏರುತ್ತದೆ, ಆಮೇಲೆ ಆ ದ್ರಾವಣ ಪದರದ ಮೂಲಕ ವಿಸರಣಗೊಂಡು ಹೊರಗೆ ಬರುತ್ತದೆ. ಬಿಡುಗಡೆಯ ಗ್ರಾಫ್ ಎಳೆದರೆ ಅದು ಇಂಗ್ಲಿಷಿನ ಎಸ್ ಅಕ್ಷರದ ಹಾಗೆ ಕಾಣುತ್ತದೆ. ಪೈರು ಹೀರಿಕೊಳ್ಳುವ ಗ್ರಾಫ್ ಕೂಡ ಅದೇ ಆಕಾರದ್ದು! ಎರಡನ್ನೂ ಒಂದರ ಮೇಲೊಂದು ಕೂರಿಸುವುದೇ ಈ ಇಂಜಿನಿಯರಿಂಗ್‌ನ ಗುರಿ. ಪದರ ಬಿರುಕು ಬಿಟ್ಟರೆ ಮಾತ್ರ ಎಲ್ಲವೂ ಒಂದೇ ಸಲ ಹೊರಗೆ.

ಹಾಗಾದರೆ ಎಲ್ಲರೂ ಪಾಲಿಮರ್ ಲೇಪಿತವನ್ನೇ ಯಾಕೆ ಬಳಸುತ್ತಿಲ್ಲ? ಲೆಕ್ಕ ನೋಡಿ. 3 ಮಿ.ಮೀ. ವ್ಯಾಸದ ಹರಳಿಗೆ 50 ಮೈಕ್ರಾನ್ ದಪ್ಪದ ಪದರ ಕೊಟ್ಟರೆ, ಪದರದ ಗಾತ್ರ ಹರಳಿನ ಗಾತ್ರದ ಶೇ. 10. ಒಂದು ಚೀಲಕ್ಕೆ ಸುಮಾರು 4 ಕೆ.ಜಿ. ಪ್ಲಾಸ್ಟಿಕ್ ಆಯಿತು! ಅಷ್ಟು ದುಡ್ಡು ಯಾರು ಕೊಡುತ್ತಾರೆ? ಗೊಬ್ಬರ ಖಾಲಿಯಾದ ಮೇಲೆ ಆ ಸಿಪ್ಪೆ ಮಣ್ಣಲ್ಲೇ ಉಳಿಯುತ್ತದೆ ಬೇರೆ.

ನ್ಯಾನೋ ಇಲ್ಲಿ ಮಾಡುವ ಕೆಲಸ

ಇಲ್ಲಿ ಬರುವುದು ನ್ಯಾನೋ ಜೇಡಿ. ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜವನ್ನು ಪದರ ಪದರವಾಗಿ ಬಿಡಿಸಿದರೆ ಒಂದೊಂದು ಹಾಳೆಯ ದಪ್ಪ ಸುಮಾರು 1 ನ್ಯಾನೋಮೀಟರ್, ಅಗಲ ಅದರ ನೂರಾರು ಪಟ್ಟು. ಪೂರ್ತಿ ಬಿಡಿಸಿದರೆ ಒಂದೇ ಗ್ರಾಂನಲ್ಲಿ ಸುಮಾರು 750 ಚದರ ಮೀಟರ್ ಮೇಲ್ಮೈ ಸಿಗುತ್ತದೆ, ಅಂದ್ರೆ ಒಂಬತ್ತು ಬ್ಯಾಡ್ಮಿಂಟನ್ ಕೋರ್ಟ್! ಈ ಹಾಳೆಗಳನ್ನು ಪಾಲಿಮರ್‌ನಲ್ಲಿ ಬೆರೆಸಿ ಹರಳಿಗೆ ಲೇಪಿಸಿದರೆ ಅವು ಹೆಂಚಿನ ಹಾಗೆ ಒಂದರ ಮೇಲೊಂದು ಕೂರುತ್ತವೆ. ನೀರಿನ ಅಣುವಿಗೆ ನೇರ ದಾರಿ ಸಿಗುವುದಿಲ್ಲ. ಚಕ್ರವ್ಯೂಹ ಹೊಕ್ಕವರ ಹಾಗೆ ಸುತ್ತಿ ಬಳಸಿ ಹೋಗಬೇಕು.

ಎಷ್ಟು ತಡವಾಗುತ್ತದೆ ಅನ್ನುವುದಕ್ಕೆ ನೀಲ್ಸನ್ 1967ರಲ್ಲೇ ಒಂದು ಸರಳ ಸೂತ್ರ ಕೊಟ್ಟಿದ್ದಾರೆ. ಅಗಲ ದಪ್ಪದ ನೂರು ಪಟ್ಟಿರುವ ಹಾಳೆಗಳನ್ನು ಗಾತ್ರದಲ್ಲಿ ಶೇ. 5ರಷ್ಟು ಬೆರೆಸಿದರೆ, ಆ ಸೂತ್ರದ ಪ್ರಕಾರ ಪದರದ ಪಾರಗಮ್ಯತೆ 0.95ನ್ನು 3.5ರಿಂದ ಭಾಗಿಸಿದಷ್ಟು, ಅಂದರೆ ಮೊದಲಿನ ಶೇ. 27ಕ್ಕೆ ಇಳಿಯುತ್ತದೆ. ತಿರುಗಿಸಿ ಹೇಳಿದರೆ, ಮೊದಲಿನಷ್ಟೇ ತಡೆಗೆ ಕಾಲು ಭಾಗ ದಪ್ಪದ ಪದರ ಸಾಕು. ಚೀಲಕ್ಕೆ 4 ಕೆ.ಜಿ. ಬೇಕಿದ್ದ ಜಾಗದಲ್ಲಿ 1 ಕೆ.ಜಿ. ಆಸುಪಾಸು. ಇದು ಕಾಗದದ ಮೇಲಿನ ಲೆಕ್ಕ, ಹಾಳೆಗಳೆಲ್ಲ ಶಿಸ್ತಾಗಿ ಮಲಗಿದ್ದರೆ ಮಾತ್ರ. ವಾಸ್ತವದಲ್ಲಿ ಅವು ಗಂಟು ಕಟ್ಟುತ್ತವೆ, ಓರೆಯಾಗುತ್ತವೆ. ಆದರೂ ನ್ಯಾನೋದ ಲಾಭ ಏನೆಂಬುದು ಇದರಿಂದ ತಿಳಿಯುತ್ತದೆ: ತೆಳುವಾದ ಅಂಗಿಯಿಂದಲೇ ದಪ್ಪ ಅಂಗಿಯ ಕೆಲಸ.

ಎರಡನೆಯ ದಾರಿ ನಮ್ಮ ನೆರೆಯ ಶ್ರೀಲಂಕಾದಿಂದ ಬಂದದ್ದು. ಕೊತ್ತೆಗೊಡ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ಅಂಗಿ ಉಲ್ಟಾ! ನಮ್ಮ ಮೂಳೆ, ಹಲ್ಲುಗಳಲ್ಲಿರುವ ಖನಿಜದ ಬಗೆಯದೇ ಆದ ಹೈಡ್ರಾಕ್ಸಿಅಪಟೈಟ್‌ನ ನ್ಯಾನೋಕಣಗಳಿಗೆ ಯೂರಿಯಾವನ್ನೇ ಲೇಪಿಸಿದರು. ಕಣ ಚಿಕ್ಕದಾದಷ್ಟೂ ಅದರ ತೂಕಕ್ಕೆ ಮೇಲ್ಮೈ ಹೆಚ್ಚು, ಹಾಗಾಗಿ ಬಹಳ ಯೂರಿಯಾ ಅಂಟಿಕೊಳ್ಳುತ್ತದೆ. ಒಂದು ಪಾಲು ಖನಿಜಕ್ಕೆ ಆರು ಪಾಲು ಯೂರಿಯಾ. 46ನ್ನು 6ರಿಂದ ಗುಣಿಸಿ 7ರಿಂದ ಭಾಗಿಸಿ ನೋಡಿ, ಸುಮಾರು ಶೇ. 40 ಸಾರಜನಕ ಬರುತ್ತದೆ. ಭತ್ತದ ಗದ್ದೆಯ ಪ್ರಯೋಗದಲ್ಲಿ ಅರ್ಧದಷ್ಟು ಯೂರಿಯಾದಲ್ಲೇ ಇಳುವರಿ ಉಳಿಯಿತು. ಉಳಿದ ಖನಿಜವೂ ಕಸವಲ್ಲ, ಅದರಲ್ಲಿ ರಂಜಕ ಇದೆ.

ಆ ಬಾಟಲಿಯಾ?

ನ್ಯಾನೋ ಅಂದ ಕೂಡಲೇ ಊರಲ್ಲಿ ಕೇಳುವ ಮೊದಲ ಪ್ರಶ್ನೆ, "ಆ ಅರ್ಧ ಲೀಟರ್ ಬಾಟಲಿ ತಾನೆ?" ಅಲ್ಲ. ಅದು ಎಲೆಗೆ ಸಿಂಪಡಿಸುವ ದ್ರವ, ನಾವು ಹೇಳುತ್ತಿರುವುದು ಮಣ್ಣಿಗೆ ಹಾಕುವ ಹರಳು. 2021ರಲ್ಲಿ ಬಂದ ಮೊದಲ ಬಾಟಲಿಯಲ್ಲಿದ್ದ ಸಾರಜನಕ ಶೇ. 4, ಅಂದರೆ 500 ಮಿ.ಲೀ.ಗೆ 20 ಗ್ರಾಂ. ಚೀಲದಲ್ಲಿ ಇರುವುದು 20.7 ಕೆ.ಜಿ. ಸಾವಿರ ಪಟ್ಟು ಅಂತರ! ವಿಜ್ಞಾನಿಗಳ ನಡುವೆ ಚರ್ಚೆ ಎದ್ದದ್ದು ಇದಕ್ಕೇ. ಆ ಚರ್ಚೆಯನ್ನು ಲೇಪನದ ತಲೆಗೆ ಕಟ್ಟಬಾರದು.

ಗದ್ದೆಗೆ ಇಳಿದಾಗ

ಲ್ಯಾಬಿನಲ್ಲಿ ಗೆದ್ದದ್ದು ಗದ್ದೆಯಲ್ಲಿ ಗೆಲ್ಲಬೇಕಲ್ಲ. ಯುರೋಪಿನ ಮಾನದಂಡದಂತೆ ನಿಧಾನ ಬಿಡುಗಡೆ ಅನ್ನಿಸಿಕೊಳ್ಳಲು 25 ಡಿಗ್ರಿಯಲ್ಲಿ, 24 ಗಂಟೆಗಳಲ್ಲಿ ಶೇ. 15ಕ್ಕಿಂತ ಹೆಚ್ಚು, 28 ದಿನಗಳಲ್ಲಿ ಶೇ. 75ಕ್ಕಿಂತ ಹೆಚ್ಚು ಹೊರಬರಬಾರದು. ಆದರೆ ವಿಸರಣ ಬಿಸಿಲಿಗೆ ಜೋರಾಗುತ್ತದೆ. ರಾಯಚೂರಿನ ಮಣ್ಣು 25 ಡಿಗ್ರಿಯಲ್ಲಿ ಕೂತಿರುವುದಿಲ್ಲ. ನೀರು ಹಿಡಿಯದ ಲೇಪನವಿದ್ದರೆ ಹರಳು ನಿಂತ ನೀರಿನಲ್ಲಿ ತೇಲಿ ಗದ್ದೆಯ ಮೂಲೆ ಸೇರುವುದೂ ಉಂಟು. ಚೀಲ ಎತ್ತಿ ಒಗೆಯುವಾಗ ಪದರ ತರಚಿದರೆ ಚಕ್ರವ್ಯೂಹ ಅಲ್ಲೇ ಮುಗಿಯಿತು. ಇನ್ನು ಎಲ್ಲ ನ್ಯಾನೋಕಣಗಳೂ ಸಾಧುವಲ್ಲ. ಜೇಡಿ ಮಣ್ಣಿನದೇ ಮಗು, ಆದರೆ ಸತುವಿನ ಆಕ್ಸೈಡ್ ಮಿತಿ ಮೀರಿದರೆ ಮಣ್ಣಿನ ಸೂಕ್ಷ್ಮಜೀವಿಗಳಿಗೆ ವಿಷ. ಇಂಥವನ್ನು ಪರೀಕ್ಷಿಸುವ ಬಗೆ ಹೇಗೆಂದು ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2020ರಲ್ಲಿ ಮಾರ್ಗಸೂಚಿ ಹೊರಡಿಸಿದೆ.

ಕೊನೆಗೆ ಬೆಲೆ. ಸಬ್ಸಿಡಿಯಿಂದಾಗಿ ರೈತರಿಗೆ ಒಂದು ಚೀಲ ಯೂರಿಯಾ ಸುಮಾರು 266 ರೂಪಾಯಿಗೆ ಸಿಗುತ್ತದೆ. ಒಂದು ಚೀಲ ಉಳಿಸಿದರೆ ರೈತನಿಗೆ ಉಳಿಯುವುದು ಅಷ್ಟೇ. ಅದಕ್ಕಾಗಿ ದುಬಾರಿ ಗೊಬ್ಬರ ಕೊಳ್ಳಿ ಅಂದರೆ ಯಾರು ಕೇಳುತ್ತಾರೆ? ಆದರೆ ಮೇಲುಗೊಬ್ಬರದ ಒಂದು ಕಂತು ತಪ್ಪಿದರೆ ಒಂದು ದಿನದ ಕೂಲಿ ಉಳಿಯುತ್ತದೆ. ಸರ್ಕಾರಕ್ಕೆ ಸಬ್ಸಿಡಿ ಉಳಿಯುತ್ತದೆ, ಊರ ಬಾವಿಗೆ ನೈಟ್ರೇಟ್ ಇಳಿಯುವುದು ತಗ್ಗುತ್ತದೆ. ಲಾಭ ಮೂವರಿಗೂ ಹಂಚಿಹೋಗುವಾಗ ಅಂಗಿಯ ಖರ್ಚನ್ನು ರೈತನೊಬ್ಬನ ತಲೆಗೆ ಹೊರಿಸುವುದು ನ್ಯಾಯವಲ್ಲ.

ಹಾಗಾಗಿ ಪ್ರಾಜೆಕ್ಟ್‌ಗೆ ವಿಷಯ ಹುಡುಕುತ್ತಿರುವ ಗೆಳೆಯರಿಗೆ ನಮ್ಮದೊಂದು ಮಾತು. ನಿಮ್ಮ ಲೇಪನ ಎಷ್ಟು ದಿನ ತಡೆಯಿತು ಅನ್ನುವ ಗ್ರಾಫ್ ಜೊತೆಗೆ, ಒಂದು ಚೀಲಕ್ಕೆ ಎಷ್ಟು ರೂಪಾಯಿ ಬಿತ್ತು, ಕೊಯ್ಲಿನ ನಂತರ ಮಣ್ಣಲ್ಲಿ ಏನು ಉಳಿಯಿತು ಅನ್ನುವ ಎರಡು ಸಾಲನ್ನೂ ಬರೆಯಿರಿ. ಊರಿಗೆ ಹೋದಾಗ ಅಪ್ಪ ಕೇಳುವುದು ಆ ಎರಡನ್ನೇ.