ಹಕ್ಕಳೆಗಟ್ಟುವ ಕಜ್ಜಿ: ಔಷಧಿ ಇದೆ, ಅರ್ಧಕ್ಕೆ ಬಿಡಬಾರದು

ವೃದ್ಧಾಶ್ರಮ, ಹಾಸ್ಟೆಲ್, ಅನಾಥಾಶ್ರಮಗಳಲ್ಲಿ ಸೇವೆ ಸಲ್ಲಿಸುವವರಿಗೆ ತುರಿಕಜ್ಜಿ ಹೊಸತೇನಲ್ಲ. ಬೆರಳ ಸಂದಿಯಲ್ಲಿ ಗುಳ್ಳೆ, ರಾತ್ರಿಯಾದರೆ ಹೆಚ್ಚಾಗುವ ತುರಿಕೆ, ಒಬ್ಬರಿಂದ ಮತ್ತೊಬ್ಬರಿಗೆ ಹರಡುವಿಕೆ ಎಲ್ಲರೂ ಕಂಡದ್ದೇ. ಆದರೆ ಇದೇ ಕಜ್ಜಿಗೆ ಒಂದು ಉಗ್ರ ರೂಪವಿದೆ. ಹಾಸಿಗೆ ಹಿಡಿದ ಹಿರಿಯರ ಕೈ, ಮೊಣಕೈ, ಪಾದಗಳ ಮೇಲೆ ಬೂದು ಬಣ್ಣದ ದಪ್ಪ ಹಕ್ಕಳೆ ಕಟ್ಟುತ್ತದೆ. ಉಗುರು ದಪ್ಪವಾಗುತ್ತದೆ, ಹಾಸಿಗೆಯ ತುಂಬ ಹೊಟ್ಟು ಉದುರುತ್ತದೆ. ಅನೇಕರಲ್ಲಿ ತುರಿಕೆ ಮಾತ್ರ ಅಷ್ಟಾಗಿ ಇರುವುದಿಲ್ಲ. ಆದ್ದರಿಂದಲೇ ಇದನ್ನು ಸೋರಿಯಾಸಿಸ್ ಎಂದೋ ಇಸಬು ಎಂದೋ, ಕೆಲವೊಮ್ಮೆ ಕುಷ್ಠ ಎಂದೋ ತಪ್ಪಾಗಿ ತಿಳಿಯುವುದುಂಟು. ಹಾಗೆ ತಿಳಿದು ರೋಗಿಯನ್ನು ಮೂಲೆಗೆ ಸರಿಸಿದರೆ ಆ ಜೀವಕ್ಕೆ ಎರಡು ನೋವು: ಒಂದು ರೋಗದ್ದು, ಇನ್ನೊಂದು ನಮ್ಮದು.

ಕುಷ್ಠದ ಹೆಸರಿಗೂ ಇದಕ್ಕೂ ಹಳೆಯ ನಂಟಿದೆ. 1848ರಲ್ಲಿ ನಾರ್ವೆಯ ವೈದ್ಯರಾದ ಡೇನಿಯಲ್‌ಸನ್ ಮತ್ತು ಬೋಕ್ ಕುಷ್ಠರೋಗಿಗಳಲ್ಲಿ ಈ ರೂಪವನ್ನು ಗುರುತಿಸಿ ವಿವರಿಸಿದರು. ಹಾಗಾಗಿ ಬಹುಕಾಲ ಇದಕ್ಕೆ 'ನಾರ್ವೇಜಿಯನ್ ಸ್ಕೇಬಿಸ್' ಎಂಬ ಹೆಸರೇ ಇತ್ತು. ಆದರೆ ಇದು ಕುಷ್ಠವಲ್ಲ. ಕಣ್ಣಿಗೆ ಕಾಣುವುದೇ ಕಷ್ಟವಾದ, ಅರ್ಧ ಮಿಲಿಮೀಟರಿಗಿಂತಲೂ ಚಿಕ್ಕದಾದ ಒಂದು ಹುಳು ಇದಕ್ಕೆ ಕಾರಣ.

ಕೆಲವರಿಗೆ ಮಾತ್ರ ಏಕೆ?

ಹುಳು ಅದೇ. ವ್ಯತ್ಯಾಸ ಇರುವುದು ದೇಹದ ಶಕ್ತಿಯಲ್ಲಿ. ಸಾಮಾನ್ಯ ಕಜ್ಜಿ ಇರುವವರ ಮೈಯಲ್ಲಿ ಹತ್ತು ಹದಿನೈದು ಹುಳುಗಳಿದ್ದರೆ, ಹಕ್ಕಳೆಗಟ್ಟಿದವರ ಮೈಯಲ್ಲಿ ಸಾವಿರಾರು, ಕೆಲವೊಮ್ಮೆ ಲಕ್ಷಗಟ್ಟಲೆ ಇರುತ್ತವೆ. ಎಚ್‌ಐವಿ ಸೋಂಕಿತರು, ಅಂಗಾಂಗ ಕಸಿ ಮಾಡಿಸಿಕೊಂಡವರು, ದೀರ್ಘಕಾಲ ಸ್ಟೀರಾಯ್ಡ್ ಬಳಸಿದವರು, ಡೌನ್ ಸಿಂಡ್ರೋಮ್ ಇರುವವರು, ಪಾರ್ಶ್ವವಾಯುವಿನಿಂದ ಕೆರೆದುಕೊಳ್ಳಲೂ ಆಗದವರು, ಬಹಳ ವಯಸ್ಸಾದವರು ಇದಕ್ಕೆ ಬೇಗ ತುತ್ತಾಗುತ್ತಾರೆ. ತುರಿಕೆಗೆಂದು ಅಂಗಡಿಯಿಂದ ತಂದ ಸ್ಟೀರಾಯ್ಡ್ ಮುಲಾಮು ಹಚ್ಚಿದರೆ ತುರಿಕೆ ತಗ್ಗಿದಂತೆ ಕಂಡರೂ ಹುಳು ಬೆಳೆಯುತ್ತಲೇ ಇರುತ್ತದೆ. ಚರ್ಮ ಬಿರಿದ ಕಡೆ ಬ್ಯಾಕ್ಟೀರಿಯಾ ಒಳಹೊಕ್ಕು ರಕ್ತಕ್ಕೆ ನಂಜು ಏರಿದರೆ ಪ್ರಾಣಕ್ಕೇ ಅಪಾಯ. ಚರ್ಮದ ಹೊಟ್ಟನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ರೋಗ ಸಾಮಾನ್ಯವಾಗಿ ಖಚಿತವಾಗುತ್ತದೆ.

ಚಿಕಿತ್ಸೆ ಹೇಗೆ?

ಸಾಮಾನ್ಯ ಕಜ್ಜಿಗೆ ಮುಲಾಮು ಸಾಕಾಗಬಹುದು, ಇದಕ್ಕೆ ಸಾಲದು. ದಪ್ಪ ಹಕ್ಕಳೆಯ ಅಡಿಗೆ ಮುಲಾಮು ಇಳಿಯುವುದೇ ಇಲ್ಲ. ಹಾಗಾಗಿ ಮೂರು ಕೆಲಸ ಒಟ್ಟಿಗೆ ನಡೆಯಬೇಕು.

ಮೊದಲನೆಯದು ಐವರ್‌ಮೆಕ್ಟಿನ್ ಮಾತ್ರೆ. ಇದು ಹುಳುವಿನ ನರ ಮತ್ತು ಸ್ನಾಯುಗಳನ್ನು ನಿಷ್ಕ್ರಿಯಗೊಳಿಸಿ ಅದನ್ನು ಕೊಲ್ಲುತ್ತದೆ. ಪ್ರಮಾಣ ದೇಹದ ತೂಕದ ಪ್ರತಿ ಕಿಲೋಗೆ 200 ಮೈಕ್ರೋಗ್ರಾಂ. ಅಂದರೆ 50 ಕಿಲೋ ತೂಕದವರಿಗೆ ಒಂದು ಸಲಕ್ಕೆ 10 ಮಿಲಿಗ್ರಾಂ. ಆದರೆ ಈ ಮಾತ್ರೆ ಮೊಟ್ಟೆಗಳನ್ನು ಕೊಲ್ಲುವುದಿಲ್ಲ. ಮೊಟ್ಟೆಯೊಡೆದು ಬರುವ ಹೊಸ ಹುಳುಗಳಿಗಾಗಿ ಮತ್ತೆ ಮತ್ತೆ ಕೊಡಬೇಕು. ರೋಗದ ತೀವ್ರತೆ ನೋಡಿ ವೈದ್ಯರು 1, 2, 8ನೇ ದಿನ. ಅಥವಾ 1, 2, 8, 9, 15ನೇ ದಿನ. ತೀರ ಉಗ್ರವಾಗಿದ್ದರೆ 22 ಮತ್ತು 29ನೇ ದಿನವೂ ಕೊಡುತ್ತಾರೆ. ಎರಡನೇ ದಿನಕ್ಕೇ ಮೈ ಹಗುರವಾಯಿತೆಂದು ನಿಲ್ಲಿಸಿದರೆ ರೋಗ ಮರಳುತ್ತದೆ.

ಎರಡನೆಯದು 5 ಶೇಕಡಾ ಪರ್ಮೆಥ್ರಿನ್ ಮುಲಾಮು. ಇಲ್ಲಿ ತಲೆ, ಮುಖ, ಕಿವಿಯ ಹಿಂಭಾಗ, ಉಗುರಿನ ಅಡಿ ಯಾವುದನ್ನೂ ಬಿಡದೆ ಮೈಗೆಲ್ಲ ಹಚ್ಚಬೇಕು. ಕಣ್ಣು, ಬಾಯಿಗೆ ತಾಗಬಾರದು. ಇದನ್ನೂ ಒಂದೇ ಸಲ ಹಚ್ಚಿ ಮುಗಿಸುವಂತಿಲ್ಲ, ವೈದ್ಯರು ಹೇಳಿದಷ್ಟು ದಿನ ಹಚ್ಚಬೇಕು. ಮೂರನೆಯದು ಹಕ್ಕಳೆಯನ್ನು ಮೆದುವಾಗಿಸುವ ಯೂರಿಯಾ ಅಥವಾ ಸ್ಯಾಲಿಸಿಲಿಕ್ ಆಮ್ಲದ ಮುಲಾಮು. ಸ್ನಾನ ಮಾಡಿಸಿ ಹಕ್ಕಳೆ ಸಡಿಲಿಸಿದಾಗ ಪರ್ಮೆಥ್ರಿನ್ ಒಳಗೆ ತಲುಪುತ್ತದೆ.

ಗರ್ಭಿಣಿಯರಿಗೂ 15 ಕಿಲೋಗಿಂತ ಕಡಿಮೆ ತೂಕದ ಮಕ್ಕಳಿಗೂ ಐವರ್‌ಮೆಕ್ಟಿನ್ ಸಾಮಾನ್ಯವಾಗಿ ಕೊಡುವುದಿಲ್ಲ. 2020–21ರ ಕೋವಿಡ್ ಕಾಲದಲ್ಲಿ ಅನೇಕರು ಈ ಮಾತ್ರೆಯನ್ನು ತಾವೇ ಕೊಂಡು ನುಂಗಿದರು. ಕೋವಿಡ್‌ಗೆ ಇದರಿಂದ ಪ್ರಯೋಜನವಿಲ್ಲವೆಂದು ಮುಂದೆ ದೊಡ್ಡ ಅಧ್ಯಯನಗಳು ತೋರಿಸಿದವು. ಕಜ್ಜಿಗೆ ಇದು ನಿಜವಾದ ಔಷಧಿ, ಆದರೆ ವೈದ್ಯರ ಚೀಟಿಯ ಮೇಲೆ ಮಾತ್ರ. ಜಾನುವಾರಿಗೆ ಕೊಡುವ ಐವರ್‌ಮೆಕ್ಟಿನ್ ಮನುಷ್ಯರಿಗೆ ಕೂಡದು.

ಒಬ್ಬರಿಗಲ್ಲ, ಎಲ್ಲರಿಗೂ

ಜಪಾನಿನ ಮಣ್ಣಿನಲ್ಲಿ ಸಿಕ್ಕ ಸೂಕ್ಷ್ಮಜೀವಿಯೊಂದರಿಂದ ಬಂದ ಈ ಔಷಧಿಯ ಶೋಧಕ್ಕಾಗಿ ಸತೋಶಿ ಓಮುರಾ ಮತ್ತು ವಿಲಿಯಂ ಕ್ಯಾಂಪ್‌ಬೆಲ್ 2015ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು. ಅದೇ ವರ್ಷ ಫಿಜಿ ದ್ವೀಪಗಳ ಒಂದು ಅಧ್ಯಯನ ಪ್ರಕಟವಾಯಿತು. ಕಜ್ಜಿ ಇದ್ದವರು, ಇಲ್ಲದವರು ಎನ್ನದೆ ಊರಿನ ಎಲ್ಲರಿಗೂ ಐವರ್‌ಮೆಕ್ಟಿನ್ ಕೊಟ್ಟ ಕಡೆ ಕಜ್ಜಿಯ ಪ್ರಮಾಣ ಒಂದು ವರ್ಷದಲ್ಲಿ ಶೇ. 32.1ರಿಂದ 1.9ಕ್ಕೆ ಇಳಿಯಿತು. ರೋಗಿಗಳಿಗೂ ಅವರ ಸಂಪರ್ಕದವರಿಗೂ ಮಾತ್ರ ಮುಲಾಮು ಕೊಟ್ಟ ಕಡೆ ಶೇ. 36.6ರಿಂದ 18.8ಕ್ಕೆ ಮಾತ್ರ ಇಳಿಯಿತು. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಕಜ್ಜಿಯನ್ನು ಕಡೆಗಣಿಸಲ್ಪಟ್ಟ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿತು.

ನಮ್ಮ ಸಂಸ್ಥೆಗಳಿಗೆ ಇದರಲ್ಲಿ ಪಾಠವಿದೆ. ಒಬ್ಬರಿಗೆ ಈ ರೋಗ ಖಚಿತವಾದರೆ ಅದೇ ವಾರ್ಡಿನವರು, ಸ್ನಾನ ಮಾಡಿಸುವ ಸಿಸ್ಟರ್, ಬಟ್ಟೆ ಒಗೆಯುವವರು, ಭೇಟಿಗೆ ಬಂದು ಕೈಹಿಡಿದ ಮನೆಯವರು ಎಲ್ಲರಿಗೂ ಒಂದೇ ಸಮಯದಲ್ಲಿ ಚಿಕಿತ್ಸೆಯಾಗಬೇಕು. ತುರಿಕೆ ಶುರುವಾಗಲು ನಾಲ್ಕರಿಂದ ಆರು ವಾರ ಬೇಕಾಗುವುದರಿಂದ 'ನನಗೇನೂ ಇಲ್ಲ' ಎನ್ನುವಂತಿಲ್ಲ. ಬಟ್ಟೆ, ಹಾಸಿಗೆ ಹೊದಿಕೆಗಳನ್ನು ಬಿಸಿ ನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ಒಗೆಯಲಾಗದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಂದು ವಾರ ಇಡಬೇಕು. ಉದುರಿದ ಹೊಟ್ಟನ್ನು ದಿನವೂ ಗುಡಿಸಿ ತೆಗೆಯಬೇಕು, ಆರೈಕೆ ಮಾಡುವವರು ಕೈಗವಸು ಧರಿಸಬೇಕು.

ಚಿಕಿತ್ಸೆ ಮುಗಿಯುವವರೆಗೆ ರೋಗಿಯನ್ನು ಪ್ರತ್ಯೇಕ ಕೋಣೆಯಲ್ಲಿ ಇಡಬೇಕಾಗುತ್ತದೆ. ಅದು ಕೆಲವು ವಾರಗಳ ಮಾತು, ಹೊರಹಾಕಿದಂತಲ್ಲ. ಇದನ್ನು ಅವರಿಗೆ ಬಿಡಿಸಿ ಹೇಳಿ. ಕೈಗವಸು ಹಾಕಿಕೊಂಡೇ ಹತ್ತಿರ ಕುಳಿತು ಮಾತನಾಡಿ. ಮುಂದಿನ ಮಾತ್ರೆಯ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಇಂದೇ ಗುರುತು ಹಾಕಿಡಿ.